ಸಾಕ್ಷಿಗಾಜು

ಆ ಬೀದಿಗೆ ಬೆಳಗಾಗುತ್ತಿದ್ದುದು ಕೀಲಿಯಮ್ಮನ ಸೊಂಟದಿಂದ. ಮಂಜು ಇನ್ನೂ ಹೆಂಚುಗಳ ಮೇಲೆ ಮಲಗಿರುವಾಗಲೇ ಆಕೆ ಮನೆಯ ಮೆಟ್ಟಿಲಿಳಿದು, ಬೀದಿ ದಾಟಿ, ಚರ್ಚಿನ ದೊಡ್ಡ ಬಾಗಿಲಿನತ್ತ ನಡೆಯುತ್ತಿದ್ದಳು. ಸೊಂಟಕ್ಕೆ ಕಟ್ಟಿದ ಗೇಣುದ್ದದ ಕಬ್ಬಿಣದ ಕೀಲಿ ಹೆಜ್ಜೆಹೆಜ್ಜೆಗೂ ಪಕ್ಕದ ಸಣ್ಣ ಕೀಲಿಗೆ ತಾಗಿ ಮೆಲ್ಲಗೆ ಸದ್ದು ಮಾಡುತ್ತಿತ್ತು. ಅದನ್ನು ಕೇಳಿ ಬ್ರೆಡ್ಡಿನಂಗಡಿಯವನು ಒಲೆಯ ಬಾಗಿಲು ತೆಗೆಯುತ್ತಿದ್ದ, ಶಾಲೆಯ ಮಕ್ಕಳು ಇನ್ನೊಂದು ಮಗ್ಗುಲಿಗೆ ಹೊರಳುತ್ತಿದ್ದರು. ಮೊದಲು ಆ ಕೀಲಿ ಆಕೆಯ ಗಂಡನ ಹತ್ತಿರವಿತ್ತು. ಬಾಗಿಲು ತೆಗೆಯುವುದು, ಬಾಗಿಲು ಹಾಕುವುದು, ನಡುವೆ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಬಂದವರಿಗೆಲ್ಲ ತಲೆಯಾಡಿಸುವುದು, ಇಷ್ಟೇ ಅವರ ಬದುಕು. ಅವರು ಹೋದ ಮೇಲೆ ಕೀಲಿ ಕೇಳಲು ಯಾರೂ ಬರಲಿಲ್ಲ, ಕೊಡಲು ಆಕೆಯೂ ಹೋಗಲಿಲ್ಲ. ಅದೇ ಬೆಂಚಿನಲ್ಲಿ, ಗಂಡ ಕೂತು ನುಣುಪಾದ ಜಾಗದಲ್ಲೇ ಆಕೆಯೂ ಕೂರತೊಡಗಿದಳು.

ಕೀಲಿಯಮ್ಮನ ಮಗಳದು ಮಾತ್ರ ವಿಚಿತ್ರ ಕಸುಬು. ಹಳೆಯ ಕಲ್ಲಿನ ಚರ್ಚುಗಳನ್ನು ಹತ್ತಿ, ಇಳಿದು, ತಟ್ಟಿ, ಅಳೆದು, ಭೂಮಿ ನಡುಗಿದರೆ ಯಾವ ಗೋಡೆ ನಿಲ್ಲುತ್ತದೆ, ಯಾವುದು ಬೀಳುತ್ತದೆ, ಬಿದ್ದರೆ ಯಾವ ಕಡೆಗೆ ಎಂದು ಮುಂಚಿತವಾಗಿ ಹೇಳುವುದು. ಊರೂರು ತಿರುಗುವ ಕೆಲಸ. ಚರ್ಚಿನ ಗಂಟೆ ಹೊಡೆಯುವ ಚಿಕ್ಕಪ್ಪ ಆಕೆಗೆ ಇಟ್ಟಿದ್ದ ಹೆಸರು 'ಗೋಡೆಗೆ ಕಣಿ ಹೇಳೋಳು'.

ಹೋದ ಬೇಸಗೆಯಲ್ಲಿ ಆಕೆ ಬಂದದ್ದು ತನ್ನ ಊರಿನ ಚರ್ಚಿಗೇ. ಮುಂಗೋಡೆಯೂ ಪಕ್ಕದ ಗೋಡೆಯೂ ಸೇರುವ ಮೂಲೆಯಲ್ಲಿ, ಹಾಡುವವರ ಅಟ್ಟದ ಮೇಲಿನಿಂದ ಸೂರಿನವರೆಗೆ, ಒಂದು ಬಿರುಕು ಹರಿದಿತ್ತು. ಹಳೆಯದೋ, ಈಗಲೂ ಬೆಳೆಯುತ್ತಿರುವುದೋ ಗೊತ್ತಾಗಬೇಕು. ಅದಕ್ಕೆ ಆ ಕಸುಬಿನಲ್ಲಿ ಒಂದು ಹಳೆಯ ಉಪಾಯವಿದೆ. ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡು ತುದಿಗೂ ಗಾರೆ ಮೆತ್ತುವುದು. ಗೋಡೆ ಸುಮ್ಮನಿದ್ದರೆ ಗಾಜೂ ಸುಮ್ಮನಿರುತ್ತದೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸಿಡಿಯುತ್ತದೆ. ಅದಕ್ಕೆ ಸಾಕ್ಷಿಗಾಜು ಎಂದು ಹೆಸರು.

ಅಟ್ಟದ ಏಣಿಯ ಬುಡದಲ್ಲಿ ನಿಂತಿದ್ದ ತಾಯಿಗೆ ಮಗಳು ಅಂದು ಹೇಳಿದ್ದು ಒಂದೇ ಮಾತು.

"ಅಮ್ಮ, ಇವು ಸಾಕ್ಷಿ. ನಾನು ಬರೋವರೆಗೂ ಸ್ವಲ್ಪ ನೋಡ್ಕೋ."

"ನೋಡ್ಕೋತೀನಿ ಬಿಡು," ಎಂದಿದ್ದಳು ತಾಯಿ. ಬಸ್ಸಿಗೆ ಹೊತ್ತಾಗಿತ್ತು.

ಚಳಿಗಾಲದಲ್ಲಿ ಭೂಮಿ ನಿದ್ದೆಯಲ್ಲಿ ಮೈ ಮುರಿದಂತೆ ಒಮ್ಮೆ ನಡುಗಿತು. ಭಾನುವಾರದ ಪ್ರಾರ್ಥನೆಯ ಹೊತ್ತು. ದೀಪದ ಸರಪಳಿಗಳು ತೂಗಿದವು, ಒಂದು ಮೇಣದಬತ್ತಿ ಉರುಳಿತು, ಅಷ್ಟೇ. ಕೀಲಿಯಮ್ಮ ದೊಡ್ಡ ಬಾಗಿಲಿನ ಎರಡೂ ಕದ ತೆಗೆದು, ಹೊರಗಿನ ಮೆಟ್ಟಿಲ ಮೇಲೆ ನಿಂತು, ಕೋಳಿಮರಿಗಳನ್ನು ಕರೆಯುವಂತೆ ಎಲ್ಲರನ್ನೂ ಕರೆದು ಹೊರಗೆ ಬಿಟ್ಟಳಂತೆ. ಕೊನೆಯವನು ಇಳಿದು ಹೋಗುವವರೆಗೂ ಮೆಟ್ಟಿಲು ಬಿಡಲಿಲ್ಲವಂತೆ. ಮಗಳು ಫೋನಿನಲ್ಲಿ ಕೇಳಿದಳು: "ಗಾಜುಗಳು ಹೇಗಿವೆ?"

"ಎಲ್ಲಾ ಚೆನ್ನಾಗಿವೆ. ನಾನು ನೋಡ್ಕೋತಾ ಇದ್ದೀನಲ್ಲ."

ಆದರೂ ಚರ್ಚಿನ ಆಡಳಿತ ನೋಡುವ ಮೇಲಿನವರಿಂದ ಮಾತು ಬಂತು. ನಡುಕ ಒಂದು ಸಲ ಬಂದ ಮೇಲೆ ಇನ್ನೊಂದು ಸಲ ಬಾರದೆಂದಿಲ್ಲ. ಚರ್ಚು ತೆರೆದಿರಬಹುದೋ, ಮುಚ್ಚಬೇಕೋ, ನೋಡಿದವರು ಒಂದು ಮಾತು ಹೇಳಬೇಕು. ಮುಚ್ಚುವುದಾದರೆ ಕೀಲಿ ಮೇಲಿನವರ ಕೈಗೆ. ಹೀಗೆ ಮಗಳು ಮತ್ತೆ ಊರಿಗೆ ಬಂದಳು. ತಾಯಿಯ ಸೊಂಟದ ಕೀಲಿ ಉಳಿಯುವುದೂ ಹೋಗುವುದೂ ತನ್ನ ನಾಲಿಗೆಯ ಮೇಲಿದೆ ಎಂಬುದು ಬಸ್ಸಿನುದ್ದಕ್ಕೂ ಆಕೆಯ ಬಾಯಲ್ಲಿ ಕಹಿಗುಳಿಗೆಯಂತೆ ಕೂತಿತ್ತು.

ಮಧ್ಯಾಹ್ನದ ಇಳಿಬಿಸಿಲಲ್ಲಿ ಚರ್ಚಿನ ಒಳಗೆ ಕಾಲಿಟ್ಟರೆ ನೀರಿನೊಳಗೆ ಇಳಿದಂತೆ. ಬಣ್ಣದ ಕಿಟಕಿಗಳಿಂದ ನೀಲಿ, ಜೇನು, ಹಸಿರು ಬೆಳಕು ಬಿದ್ದು ನೆಲದ ಕಲ್ಲುಗಳು ಅಲೆಯಾಡುವಂತೆ ಕಾಣುತ್ತಿದ್ದವು. ಗಂಟೆಯ ಹಗ್ಗಕ್ಕೆ ಎಣ್ಣೆ ಸವರುತ್ತಿದ್ದ ಚಿಕ್ಕಪ್ಪ ತಲೆಯೆತ್ತಿದ.

"ಬಂದ್ಯಾ ತಾಯಿ? ಏನಂತೆ ಗೋಡೆ, ಎಷ್ಟು ವರ್ಷ ಆಯಸ್ಸು?"

"ನಿನಗಿಂತ ಜಾಸ್ತಿ, ಚಿಕ್ಕಪ್ಪ."

"ಅದೇನು ದೊಡ್ಡ ಮಾತು. ನನಗಿಂತ ಈ ಹಗ್ಗಕ್ಕೇ ಜಾಸ್ತಿ."

"ಅವಳು ಉಸಿರು ಬಿಡೋಕಾದ್ರೂ ಬಿಡಪ್ಪ," ಎಂದು ತಾಯಿ ಮೈದುನನನ್ನು ಗದರಿದಳು. ಗದರಿಕೆಯ ಹಿಂದೆ ಅಂಜಿಕೆಯಿತ್ತು. ಆಕೆಯ ಕೈ ಮತ್ತೆ ಮತ್ತೆ ಸೊಂಟಕ್ಕೆ ಹೋಗುತ್ತಿತ್ತು.

ಮಗಳು ನೆಲದಲ್ಲೇ ನಿಂತು ಅಟ್ಟದತ್ತ ನೋಡಿದಳು. ಮೂಲೆಯ ಕತ್ತಲಲ್ಲಿ ಒಂದರ ಮೇಲೊಂದು ಗಾಜಿನ ಪಟ್ಟಿಗಳು ಹೊಳೆಯುತ್ತಿದ್ದವು. ಎಲ್ಲವೂ ಇಡಿಯಾಗಿದ್ದವು. ಒಂದು ವರ್ಷದ ಧೂಳು ಕೂಡ ಇಲ್ಲ. ಆಕೆಗೆ ಎದೆಯ ಮೇಲಿಂದ ಕಲ್ಲು ಇಳಿಸಿದಂತಾಯಿತು. ಅಪ್ಪನ ಬೆಂಚಿನಲ್ಲಿ ಕೂತು, ಬೆನ್ನನ್ನು ಮುಂಗೋಡೆಗೆ ಒರಗಿಸಿ ಕಣ್ಣು ಮುಚ್ಚಿದಳು.

ಕಣ್ಣು ಮುಚ್ಚಿದರೆ ಚರ್ಚು ಕಟ್ಟಡವಾಗಿ ಉಳಿಯುತ್ತಿರಲಿಲ್ಲ. ಇದು ಆಕೆಗೆ ಕಸುಬು ಕೊಟ್ಟ ವರವೋ ಶಾಪವೋ. ಹೊರಗಿನವರಿಗೆ ಅದು ಒಂದೇ ಕಲ್ಲಿನ ಗುಡ್ಡ. ಆಕೆಗೆ ಮಾತ್ರ ಒಂದು ಕೂಡುಕುಟುಂಬ. ಗಂಟೆಗೋಪುರ ಮದುವೆಯಾಗದೆ ಎತ್ತರಕ್ಕೆ ಬೆಳೆದ ಮಾವ, ತೂಗಿದರೆ ತನ್ನದೇ ತಾಳದಲ್ಲಿ ತೂಗುವವನು. ಪಕ್ಕದ ಗೋಡೆಗಳು ಹೆಗಲಿಗೆ ಹೆಗಲು ಕೊಟ್ಟ ಅಣ್ಣತಮ್ಮಂದಿರು. ಕಮಾನುಗಳು ಕೈ ಕೈ ಹಿಡಿದ ಸೊಸೆಯಂದಿರು. ಪೀಠದ ಹಿಂದಿನ ಅರ್ಧವೃತ್ತದ ಗೋಡೆ ಮೊಮ್ಮಗುವನ್ನು ಮಡಿಲಲ್ಲಿ ಹಾಕಿಕೊಂಡ ಮುದುಕಿ. ಮುಂಗೋಡೆ ಮಾತ್ರ ಎಲ್ಲರಿಗೂ ಬೆನ್ನು ಮಾಡಿ, ಹೊಸಿಲಲ್ಲಿ ನಿಂತು ಬೀದಿ ನೋಡುವ ತಾಯಿ. ಯಾರು ಬರುತ್ತಾರೋ ಎಂದು ನೋಡಿ ನೋಡಿ, ನೂರಾರು ವರ್ಷಗಳಲ್ಲಿ ಒಂದಿಷ್ಟು ಮುಂದಕ್ಕೆ ಬಾಗಿರುತ್ತಾಳೆ. ಹಗಲುನಿದ್ದೆಯಲ್ಲಿ ಮಗಳಿಗೆ ಆ ಕುಟುಂಬವೆಲ್ಲ ಒಟ್ಟಿಗೆ ಉಸಿರಾಡುವುದು ಕೇಳಿಸಿತು. ಉಸಿರೆಳೆದಾಗ ಬೆಂಚು ಏರಿತು, ಬಿಟ್ಟಾಗ ಇಳಿಯಿತು. ಯಾರೋ ಬಾಗಿಲಲ್ಲಿ ತಲೆಯಾಡಿಸಿದರು. ಅಪ್ಪನೇ ಇರಬೇಕು. ಒಂದು ಉಸಿರು ಮಾತ್ರ, ಬೆನ್ನ ಹಿಂದಿನದು, ಉಳಿದವುಗಳಿಗಿಂತ ಚೂರು ತಡವಾಗಿ ಬರುತ್ತಿತ್ತು.

"ಏನಮ್ಮಾ, ದೇವರ ಜೊತೆ ಮಾತಾಯ್ತಾ, ನಿದ್ದೆಯಾಯ್ತಾ?"

ಎದುರಿಗೆ ಚರ್ಚಿನ ಗುರುಗಳು. ತೋಟದ ಕೆಲಸದಿಂದ ಬಂದವರು, ನಿಲುವಂಗಿಯ ಅಂಚಿಗೆ ಮಣ್ಣು ಹತ್ತಿತ್ತು. ಆಕೆ ಎದ್ದು ನಿಂತಳು.

"ಮೇಲ್ನೋಟಕ್ಕೆ ಚೆನ್ನಾಗಿದೆ ಗುರುಗಳೇ. ಒಂದು ಗಾಜೂ ಒಡೆದಿಲ್ಲ. ನಾಳೆ ಹತ್ತಿ ನೋಡಿ ಪೂರ್ತಿ ಹೇಳ್ತೀನಿ."

ತಾಯಿಯ ಮುಖದಲ್ಲಿ ಬಣ್ಣದ ಕಿಟಕಿಯ ಬೆಳಕೆಲ್ಲ ಒಂದೇ ಸಲ ಬಿದ್ದಂತಾಯಿತು. "ನಾನು ಹೇಳಿರಲಿಲ್ವಾ?" ಎಂದು ಮೈದುನನತ್ತ ನೋಡಿದಳು. "ನೋಡ್ಕೊಂಡ್ರೆ ಯಾವುದೂ ಕೆಡಲ್ಲ."

ಸಂಜೆ ಮನೆಯಲ್ಲಿ ತಾಯಿ ಚಹಾ ಕಾಯಿಸುತ್ತ ಹಾಡು ಗುನುಗುತ್ತಿದ್ದಳು. ಮಗಳು ಬೂಟು ಬಿಚ್ಚಿ, ಕಾಲು ಚಾಚಿ, ಗೋಡೆಯತ್ತ ನೋಡಿದಳು. ಅಪ್ಪನ ಪಟ ಇದ್ದಲ್ಲೇ ಇತ್ತು. ಹೊನ್ನಬಣ್ಣದ ಚೌಕಟ್ಟು, ಒಳಗೆ ಮೀಸೆಯ ಅಂಚಿನಲ್ಲಿ ನಗು ಅಡಗಿಸಿಟ್ಟ ಮುಖ. ಆದರೆ ಮುಖ ಎಂದಿಗಿಂತ ಹತ್ತಿರ ಬಂದ ಹಾಗಿತ್ತು. ದೀಪ ಅದರಲ್ಲಿ ಹೊಳೆಯುತ್ತಿರಲಿಲ್ಲ.

"ಅಪ್ಪನ ಗಾಜೆಲ್ಲಿ?"

"ಬೇರೆ ಕೆಲಸಕ್ಕೆ ಬೇಕಾಯ್ತು, ತೆಗೆದೆ. ಅವರಿಗೂ ಸ್ವಲ್ಪ ಗಾಳಿ ಆಡ್ಲಿ," ಎಂದಳು ತಾಯಿ ಒಳಗಿನಿಂದ. "ಇದ್ದಾಗಂತೂ ಕಿಟಕಿ ಹಾಕೋಕೆ ಬಿಡ್ತಿರಲಿಲ್ಲ."

ಮಗಳು ನಕ್ಕಳು. ಚಹಾ ಬಂತು, ಮಾತು ಬೇರೆ ಕಡೆ ಹೊರಳಿತು.

ಮರುದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಆಕೆ ಅಟ್ಟ ಹತ್ತಿದಳು. ಸಣ್ಣ ಮರದ ಸುತ್ತಿಗೆಯಿಂದ ಗೋಡೆ ತಟ್ಟುತ್ತ ಹೋದಳು. ಒಂದು ಕಡೆ ಗಟ್ಟಿ ದನಿ, ಇನ್ನೊಂದು ಕಡೆ ಪೊಳ್ಳು ದನಿ. ಹಳಬರು ಗೋಡೆಯ ಎರಡು ಮುಖಗಳನ್ನು ಕಲ್ಲಿನಿಂದ ಕಟ್ಟಿ ನಡುವೆ ಪುಡಿಗಲ್ಲು, ಸುಣ್ಣ ಸುರಿದಿದ್ದರು. ಕಾಲ ಕಳೆದಂತೆ ಒಳಗಿನದು ಕುಸಿದು ಕೂತಿತ್ತು. ಇದು ಎಲ್ಲ ಕಡೆ ಇರುವುದೇ. ಆಕೆ ಕಿಟಕಿಯಿಂದ ಹೊರಗೆ ತೂಗುಗುಂಡಿನ ದಾರ ಇಳಿಬಿಟ್ಟಳು. ದಾರ ನೆಟ್ಟಗೆ ಇಳಿಯಿತು. ಗೋಡೆ ಮಾತ್ರ ದಾರದ ಜೊತೆ ಇಳಿಯದೆ ನೆತ್ತಿಯಲ್ಲಿ ಮುಂದಕ್ಕೆ ನಿಂತಿತ್ತು. ಹೋದ ಬೇಸಗೆಗಿಂತ ಹೆಚ್ಚೋ? ಇದ್ದರೂ ಇರಬಹುದು. ಗಾಜು ಒಡೆದಿಲ್ಲವಲ್ಲ, ತನ್ನ ಕೈಯೇ ಅಂದು ತಪ್ಪಿರಬೇಕು ಎಂದುಕೊಂಡು ಏಣಿ ಹತ್ತಿ ಗಾಜುಗಳ ಬಳಿ ಹೋದಳು.

ಮೊದಲನೆಯದು ತನ್ನದು. ಎರಡನೆಯದು ತನ್ನದು. ಎಲ್ಲಕ್ಕಿಂತ ಮೇಲಿನದು ಒಂದಿಷ್ಟು ದಪ್ಪವಾಗಿತ್ತು. ಅಂಚು ನುಣುಪಾಗಿರಲಿಲ್ಲ, ಯಾರೋ ವಜ್ರದ ಮೊನೆಯಿಲ್ಲದೆ ಕಷ್ಟಪಟ್ಟು ಕೊಯ್ದಂತಿತ್ತು. ಗಾರೆ ಚೆನ್ನಾಗಿ ನಾದಿದ ಹಿಟ್ಟಿನಂತೆ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಚು ಕಟ್ಟಿದಂತಿತ್ತು. ಗಾಜಿನ ಒಂದು ಬದಿಯುದ್ದಕ್ಕೂ ಕೂದಲಿನಷ್ಟು ತೆಳ್ಳಗೆ ಹೊನ್ನಬಣ್ಣ ಹತ್ತಿತ್ತು.

ಆಕೆ ಏಣಿಯ ಮೇಲೆ ಬಹಳ ಹೊತ್ತು ನಿಂತಳು. ಕೆಳಗೆ ತಾಯಿ ಬೆಂಚು ಒರೆಸುವ ಸದ್ದು ಕೇಳುತ್ತಿತ್ತು. ತಾನು ಸುಮ್ಮನೆ ಕೆಳಗಿಳಿದು 'ಚೆನ್ನಾಗಿದೆ' ಎಂದರೆ ಸಾಕು. ಯಾರು ಏಣಿ ಹತ್ತಿ ನೋಡುತ್ತಾರೆ? ಆ ಯೋಚನೆ ಹಾವಿನ ಮರಿಯಂತೆ ಬಂದು, ಸುತ್ತಿ, ಹೋಯಿತು. ಆಕೆ ಸಣ್ಣ ಉಳಿಯಿಂದ ಗಾರೆ ಎಬ್ಬಿಸಿ ಗಾಜನ್ನು ಬಿಡಿಸಿಕೊಂಡಳು. ಅದರ ಹಿಂದೆ ಬಿರುಕು ಕಾಣಿಸಿತು. ಹೋದ ಬೇಸಗೆ ಉಗುರು ಹೋಗದಿದ್ದಲ್ಲಿ ಈಗ ಕಿರುಬೆರಳು ಹೋಗುತ್ತಿತ್ತು. ಗೋಡೆ ನೆತ್ತಿಯಲ್ಲಷ್ಟೇ ಬಾಗಿದ್ದರಿಂದ ಕೆಳಗಿನ ಗಾಜುಗಳು ಉಳಿದಿದ್ದವು. ಒಳಗಿಂದ ತಣ್ಣನೆಯ ಗಾಳಿ, ಬೀದಿಯ ಗಾಳಿ, ಬ್ರೆಡ್ಡಿನ ವಾಸನೆಯ ಸಮೇತ ಬಂತು.

"ಅಮ್ಮ, ಸ್ವಲ್ಪ ಮೇಲೆ ಬಾ."

ತಾಯಿ ಮಂಡಿ ಹಿಡಿದುಕೊಂಡು ಅಟ್ಟಕ್ಕೆ ಬಂದಳು. ಮಗಳ ಕೈಯಲ್ಲಿದ್ದ ಗಾಜು ನೋಡಿ ಮುಖ ಅರಳಿಸಿದಳು.

"ಗೊತ್ತಾಯ್ತಾ? ನಿನಗೆ ಗೊತ್ತಾಗಬಾರದು ಅಂತ ಎಷ್ಟು ನಾಜೂಕಾಗಿ ಮೆತ್ತಿದ್ದೆ. ಆ ನಡುಕ ಬಂತಲ್ಲ, ಮಾರನೇ ದಿನ ಗುಡಿಸೋಕೆ ಬಂದ್ರೆ ನಿನ್ನ ಗಾಜು ಎರಡು ಚೂರಾಗಿ ನೇತಾಡ್ತಿತ್ತು. ಅಯ್ಯೋ, ಮಗಳು ನಂಬಿ ಬಿಟ್ಟುಹೋದ ವಸ್ತು. ನಾನು ಧೂಳು ಒರೆಸೋವಾಗ ಜೋರಾಗಿ ಒತ್ತಿದ್ದೆನೋ ಏನೋ ಅನ್ನಿಸ್ತು. ಅಲ್ಲದೆ ದೇವರ ಮನೇಲಿ ಒಡೆದ ಗಾಜು ಬಿಡೋದುಂಟಾ? ಅಂಗಡೀಲಿ ಅಷ್ಟು ತೆಳುವಿನದು ಸಿಗಲಿಲ್ಲ. ನಿಮ್ಮಪ್ಪನ ಪಟದ್ದೇ ತೆಗೆದೆ. ಅವರು ಕೂತ ಜಾಗದ ಮೇಲೆ ಅವರ ಗಾಜು, ಇರಲಿ ಅಂತ."

"ನಾನು ನೋಡ್ಕೋ ಅಂದಿದ್ದೆ."

"ನೋಡ್ಕೊಂಡೆನಲ್ಲ ಮತ್ತೆ."

ಮಗಳಿಗೆ ಆಗ ಹೊಳೆಯಿತು. ಮಗು ನೋಡ್ಕೋ, ಮನೆ ನೋಡ್ಕೋ, ಒಲೆ ಮೇಲಿನ ಹಾಲು ನೋಡ್ಕೋ. ಹುಟ್ಟಿದಂದಿನಿಂದ ತಾಯಿಯ ಕಿವಿಗೆ ಆ ಮಾತು ಬಿದ್ದದ್ದು ಹಾಗೆಯೇ. ನೋಡುತ್ತ ಸುಮ್ಮನೆ ನಿಲ್ಲು ಎಂದು ಆಕೆಗೆ ಯಾರು ಯಾವಾಗ ಹೇಳಿದ್ದರು?

"ಅಮ್ಮ," ಎಂದಳು ಮೆಲ್ಲಗೆ, "ಈ ಗಾಜು ಒಡೀಬೇಕು ಅಂತಲೇ ಇಟ್ಟಿದ್ದು. ಗೋಡೆ ಸರಿದ್ರೆ ಒಡೆದು ಹೇಳುತ್ತೆ, ಸರೀತು ಅಂತ. ಅದಕ್ಕೇ ಸಾಕ್ಷಿ ಅನ್ನೋದು."

ತಾಯಿ ಗಾಜನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಹೊನ್ನಬಣ್ಣದ ಅಂಚನ್ನು ಬೆರಳಿನಿಂದ ಸವರಿದಳು. ಮಾತು ಆಕೆಯೊಳಗೆ ಇಳಿಯುವುದನ್ನು ಕಾಯುವುದು ಬಾವಿಗೆ ಬಿದ್ದ ಕೊಡ ತಳ ಮುಟ್ಟುವುದನ್ನು ಕಾದಂತಿತ್ತು.

"ಹಾಗಾದ್ರೆ ಇದು ಇಷ್ಟು ದಿನ ಸುಳ್ಳು ಹೇಳ್ತಾ ಕೂತಿತ್ತಾ ಇಲ್ಲಿ?"

"ಅದರ ತಪ್ಪಲ್ಲ. ನಿಂದೂ ಅಲ್ಲ."

"ಸುಳ್ಳುಸಾಕ್ಷಿ ಹೇಳಬಾರದು ಅನ್ನೋದು ದೇವರು ಕಲ್ಲಿನ ಮೇಲೆ ಬರೆಸಿದ್ದು ಕಣೇ. ನಾನು ಅವನ ಮನೇಲೇ, ಕಲ್ಲಿನ ಮೇಲೇ ಹೇಳಿಸಿಬಿಟ್ಟೆ." ಆಕೆ ಹಾಡುವವರ ಬೆಂಚಿನ ಮೇಲೆ ಕುಸಿದಳು. "ನಿಮ್ಮಪ್ಪ ಬದುಕಿರೋವರೆಗೂ ಒಂದು ಸುಳ್ಳು ಆಡಿದವರಲ್ಲ. ಹೋದ ಮೇಲೆ ಅವರ ಗಾಜಿನ ಕೈಲಿ ಆಡಿಸಿದೆ ನೋಡು."

ಅಷ್ಟರಲ್ಲಿ ಗುರುಗಳೂ ಚಿಕ್ಕಪ್ಪನೂ ಅಟ್ಟದ ಕೆಳಗೆ ಬಂದು ನಿಂತಿದ್ದರು. ಮಗಳು ಇಳಿದು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುಂಗೋಡೆ ಪಕ್ಕದ ಗೋಡೆಗಳ ಕೈ ಬಿಟ್ಟಿದೆ. ಉಳಿದವರೆಲ್ಲ ಒಟ್ಟಿಗೆ ತೂಗಿದರೂ ಅದೊಂದು ತನ್ನಷ್ಟಕ್ಕೆ ತೂಗುತ್ತದೆ.

"ಅಲ್ಲ, ನಮ್ಮ ಅಜ್ಜನ ಅಜ್ಜನ ಕಾಲದಿಂದ ನಿಂತಿರೋದು," ಎಂದ ಚಿಕ್ಕಪ್ಪ. "ಚಳಿಗಾಲದ್ದಕ್ಕೂ ಬೀಳಲಿಲ್ಲ. ಮುದುಕಿಗೆ ಸೊಂಟನೋವು ಅಂತ ಮನೆಗೇ ಬೀಗ ಹಾಕ್ತಾರಾ?"

"ಬೀಳುತ್ತೆ ಅಂತಾದ್ರೆ ಎಲ್ಲಿಗೆ ಬೀಳುತ್ತೆ?" ಎಂದು ಗುರುಗಳು ಕೇಳಿದರು. "ಬಾಗಿಲ ಹತ್ತಿರದ ಬೆಂಚು ತೆಗೆದು, ಜನರನ್ನ ಪೀಠದ ಕಡೆ ಕೂರಿಸಿದ್ರೆ ಆಗಲ್ವಾ?"

ಮಗಳು ದೊಡ್ಡ ಬಾಗಿಲಿನತ್ತ ನಡೆದಳು. ಎಲ್ಲರೂ ಹಿಂದೆ ಬಂದರು. ಹೊರಗೆ ಬಿಸಿಲು ಬೆಳ್ಳಗೆ ಬಿದ್ದಿತ್ತು. ಅಗಲವಾದ ಕಲ್ಲಿನ ಮೆಟ್ಟಿಲುಗಳು, ನಡುವೆ ಸವೆದು ತೊಟ್ಟಿಲಿನಂತೆ ತಗ್ಗಾಗಿದ್ದವು.

"ಒಳಗಡೆ ಬೀಳಲ್ಲ ಗುರುಗಳೇ. ಅದರ ಮುಖ ಬೀದಿ ಕಡೆಗಿದೆ. ಹೊರಗಡೆ ಬೀಳುತ್ತೆ. ನೆಲ ನಡುಗಿದಾಗ ಎಲ್ರೂ ಈ ಬಾಗಿಲಿಗೇ ಓಡಿ ಬರ್ತಾರೆ. ಇಲ್ಲಿಗೇ ಬರುತ್ತೆ ಗೋಡೆನೂ."

ತಾಯಿ ಮೆಟ್ಟಿಲನ್ನೇ ನೋಡುತ್ತಿದ್ದಳು. ಚಳಿಗಾಲದ ಆ ಭಾನುವಾರ ಎರಡೂ ಕದ ತೆಗೆದು, ಕೈ ಬೀಸಿ, ಬನ್ನಿ ಬನ್ನಿ ಎಂದು ಕರೆದು ತಾನು ನಿಂತ ಮೆಟ್ಟಿಲು ಅದು. ಬೀದಿಯೆಲ್ಲ ಹೊಗಳಿದ ಮೆಟ್ಟಿಲು. ಆಮೇಲೆ ಆಕೆ ತಲೆಯೆತ್ತಿ ಮುಂಗೋಡೆಯ ನೆತ್ತಿಯನ್ನು ನೋಡಿದಳು. ಮೋಡಗಳು ಹಿಂದಕ್ಕೆ ಸಾಗುತ್ತಿದ್ದವು. ಅದಕ್ಕೇ ಇರಬೇಕು, ಗೋಡೆ ಮೆಲ್ಲಗೆ, ಬಹಳ ಮೆಲ್ಲಗೆ, ಮುಂದಕ್ಕೆ ಬಾಗುತ್ತಿರುವಂತೆ ಕಂಡಿತು. ಮಗುವನ್ನು ಎತ್ತಿಕೊಳ್ಳಲು ಬಾಗುವ ಹಾಗೆ.

"ಒಳಗಡೆ ಇರೋ ದೀಪ ಆರಿಸಿ ಬಾ," ಎಂದಳು ಮೈದುನನಿಗೆ.

"ಅತ್ತಿಗೆ, ಮೇಲಿನವರು ಹೇಳ್ಲಿ ತಡಿ."

"ಮೇಲಿನವನು ಹೇಳಿ ಆಯ್ತು. ಚಳಿಗಾಲದಲ್ಲೇ ಹೇಳಿದ್ದ. ನಾನು ಅವನ ಮಾತಿಗೆ ತೇಪೆ ಹಾಕಿದ್ದೆ."

ಚಿಕ್ಕಪ್ಪ ಒಳಗೆ ಹೋಗಿ ಬಂದ. ಗುರುಗಳು ಪೀಠದ ಮೇಲಿನ ಶಿಲುಬೆಯನ್ನು ಎದೆಗೆ ಅವುಚಿಕೊಂಡು ಪಕ್ಕದ ಬಾಗಿಲಿನಿಂದ ಬಂದರು. ಕೀಲಿಯಮ್ಮ ದೊಡ್ಡ ಕದಗಳನ್ನು ಎಳೆದು ಬೀಗ ತಿರುಗಿಸಿದಳು. ಕೀಲಿಯನ್ನು ಸೊಂಟದಿಂದ ಬಿಚ್ಚುವಾಗ ಗಂಟು ಬಿಡಲಿಲ್ಲ, ಮಗಳು ಕೂತು ಬಿಡಿಸಬೇಕಾಯಿತು. ತಾಯಿ ಕೀಲಿಯನ್ನು ಗುರುಗಳತ್ತ ಚಾಚಿದಳು. ಅವರು ಶಿಲುಬೆ ಹಿಡಿದಿದ್ದರಿಂದ ಅವರಿಗೆ ಕೈ ಬಿಡುವಿರಲಿಲ್ಲ.

"ಮುಚ್ಚಿದ ಬಾಗಿಲನ್ನ ಮುಚ್ಚೇ ಇಡೋಕೆ ಯಾರಾದ್ರೂ ಬೇಕಲ್ಲ," ಎಂದರು ಗುರುಗಳು. "ಮೇಲಿನವರಿಗೆ ನಾನು ಹೇಳ್ತೀನಿ. ಈ ಊರಲ್ಲಿ ಆ ಬಾಗಿಲು ತೆಗೀದೆ ಇರೋಕೆ ನಿಮಗಿಂತ ಕಷ್ಟ ಯಾರಿಗೂ ಇಲ್ಲ. ಕಷ್ಟ ಇರೋರ ಹತ್ರಾನೇ ಇರ್ಲಿ."

ಮುಂದೆ ಬಂದ ಭಾನುವಾರ ಪ್ರಾರ್ಥನೆ ಹಿತ್ತಲ ಅಂಗಳದಲ್ಲಿ, ಗೋಡೆಗಳಿಂದ ದೂರದಲ್ಲಿ ಮರಗಳ ಕೆಳಗೆ ನಡೆಯಿತು. ಗಂಟೆಗೆ ರಜೆ ಎಂದು ಚಿಕ್ಕಪ್ಪ ಮನೆಮನೆಗೂ ಹೋಗಿ ಬಾಯಲ್ಲೇ 'ಢಣ್ ಢಣ್' ಎಂದು ಬಂದಿದ್ದ. ಗುರುಗಳು ಓದುವಾಗ ಎಲೆಗಳ ನೆರಳು ಅವರ ನಿಲುವಂಗಿಯ ಮೇಲೆ ಬಣ್ಣವಿಲ್ಲದ ಕಿಟಕಿಯಂತೆ ಆಡಿತು. ಮಗಳು ತಾಯಿಗೆ ಮುಂದಿನ ಕೆಲಸವನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದಳು: ಪಕ್ಕದ ಗೋಡೆಗಳ ಉದ್ದಕ್ಕೂ ಕಬ್ಬಿಣದ ಸರಳು ಹಾಯಿಸಿ, ಮುಂಗೋಡೆಯ ಹೊರಗೆ ಬಿಲ್ಲೆ ಕೂರಿಸಿ ಬಿಗಿಯುವುದು. ಆಮೇಲೆ ತೂಗಿದರೆ ಎಲ್ಲರೂ ಒಟ್ಟಿಗೇ ತೂಗುತ್ತಾರೆ.

"ಈ ವಯಸ್ಸಲ್ಲಿ ಮುದುಕಿಗೆ ಒಡ್ಯಾಣ," ಎಂದ ಹಿಂದೆ ಕೂತಿದ್ದ ಚಿಕ್ಕಪ್ಪ.

"ಪ್ರಾರ್ಥನೆ ಹೊತ್ತಲ್ಲಿ ಬಾಯಿ ಮುಚ್ಕೊಂಡಿರು," ಎಂದಳು ತಾಯಿ, ಆದರೆ ತುಟಿಯ ಮೂಲೆಯಲ್ಲಿ ನಗು ಬಂತು.

ಹೊರಡುವ ಮೊದಲು ಮಗಳು ಒಬ್ಬಳೇ ಅಟ್ಟ ಹತ್ತಿ ಹೊಸ ಗಾಜು ಮೆತ್ತಿ ಬಂದಳು. ಸರಳು ಬಿಗಿಯುವ ಮಂದಿ ಬೇಗ ಬರಲಿ, ತಡವಾಗಲಿ, ಅಲ್ಲಿಯವರೆಗೂ ಗೋಡೆ ಏನು ಹೇಳುತ್ತದೋ ಕೇಳಬೇಕು. ಈ ಸಲದ ಗಾಜು ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಇಲ್ಲವೇ ಇಲ್ಲ ಎನಿಸುತ್ತಿತ್ತು. ಒಂದು ತುದಿಗೆ ಕನ್ನಡಿಚೂರು ಅಂಟಿಸಿದ್ದಳು. ಪಕ್ಕದ ಕಿಟಕಿಯ ಹೊರಗೆ ನಿಂತರೆ, ಬೆಳಗಿನ ಬಿಸಿಲು ಆ ಚೂರಿಗೆ ಬಿದ್ದು ಹೊಳೆಯುವುದು ಕಾಣುತ್ತಿತ್ತು. ಹೊಳಪು ನೇರವಿದ್ದರೆ ಗಾಜು ಇಡಿ. ಓರೆಯಾದರೆ ಒಡೆದಿದೆ.

ಅಪ್ಪನ ಗಾಜು ಮತ್ತೆ ಪಟಕ್ಕೆ ಕೂರಲಿಲ್ಲ, ಪಟ್ಟಿ ಮಾಡಿ ಕೊಯ್ದದ್ದಲ್ಲವೇ. ತಾಯಿ ಅದನ್ನು ಪ್ರಾರ್ಥನೆ ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡಳು. ಪಟ ಗಾಜಿಲ್ಲದೆಯೇ ಉಳಿಯಿತು. ಈಗ ಒರೆಸುವಾಗ ಆಕೆಯ ಬೆರಳು ನೇರ ಗಂಡನ ಕೆನ್ನೆಗೇ ತಾಗುತ್ತಿತ್ತು.

ಬಸ್ಸಿನ ಬಳಿ ಮಗಳು ಚೀಲ ಹೆಗಲಿಗೇರಿಸಿ ನಿಂತಳು. "ಅಮ್ಮ, ಗಾಜು ನೋಡ್ಕೋ," ಎಂದವಳು ನಾಲಿಗೆ ಕಚ್ಚಿಕೊಂಡಳು.

"ಬಿಡಿಸಿ ಹೇಳು. ಯಾವ ನೋಡ್ಕೋ?"

"ನೋಡ್ತಾ ಇರು. ಮುಟ್ಟಬೇಡ."

"ಮುಟ್ಟದೆ ನೋಡೋದು." ತಾಯಿ ಆ ಮಾತನ್ನು ಬಾಯಲ್ಲಿಟ್ಟು ಸವಿದು ನೋಡಿದಳು. "ದೇವರು ನಮ್ಮನ್ನ ನೋಡೋ ಹಾಗೆ ಅನ್ನು. ಅದು ಅವನಿಗೇ ಕಷ್ಟ ಇರಬೇಕು."

ಮರುದಿನ ಮಂಜು ಇನ್ನೂ ಹೆಂಚುಗಳ ಮೇಲಿರುವಾಗ ಬೀದಿಗೆ ಕೀಲಿಯ ಸದ್ದು ಕೇಳಿಸಿತು. ಬ್ರೆಡ್ಡಿನಂಗಡಿಯವನು ಒಲೆಯ ಬಾಗಿಲು ತೆಗೆದ. ಕೀಲಿಯಮ್ಮ ಬೀದಿ ದಾಟಿ, ಮೆಟ್ಟಿಲಿನ ಕಡೆ ಹೋಗದೆ, ಗೋಡೆಯಿಂದ ದೂರವಿಟ್ಟು ಸುತ್ತಿಕೊಂಡು ಪಕ್ಕದ ಕಿಟಕಿಯ ಎದುರು ಬಂದು ನಿಂತಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬಿಸಿಲು ಬರುವವರೆಗೂ ಕಾಯಬೇಕು. ಆಕೆ ಕಾದಳು. ಒಳಗೆ, ಕತ್ತಲಲ್ಲಿ, ಆ ದೊಡ್ಡ ಕುಟುಂಬ ಉಸಿರಾಡುತ್ತಿತ್ತು.